ಆಟಕ್ಕೆ ಸಂಬಳ ಬಂದ ಕಾಲ: ಕಡೂರಿನ ವೇದಾ ಕೃಷ್ಣಮೂರ್ತಿ

2005ರ ಏಪ್ರಿಲ್ 10ರಂದು ದಕ್ಷಿಣ ಆಫ್ರಿಕಾದ ಸೆಂಚೂರಿಯನ್‌ನಲ್ಲಿ ಭಾರತದ ಮಹಿಳೆಯರು ಮೊಟ್ಟಮೊದಲ ಬಾರಿಗೆ ವಿಶ್ವಕಪ್ ಫೈನಲ್ ಆಡಿದರು. ಆಸ್ಟ್ರೇಲಿಯಾ ಎದುರು 98 ರನ್‌ಗಳಿಂದ ಸೋತು ಎರಡನೆಯವರಾಗಿ ಊರಿಗೆ ಮರಳಿದರು. ಆ ಟೂರ್ನಿಗೆ ಸಿಕ್ಕಿದ್ದು ಪಂದ್ಯಕ್ಕೆ ಸಾವಿರ ರೂಪಾಯಿ, ಎಂಟು ಪಂದ್ಯಕ್ಕೆ ಎಂಟು ಸಾವಿರ ಎಂದು ಅಂದಿನ ನಾಯಕಿ ಮಿಥಾಲಿ ರಾಜ್ ಬಹಳ ವರ್ಷಗಳ ನಂತರ ಸಂದರ್ಶನವೊಂದರಲ್ಲಿ ಹೇಳಿಕೊಂಡರು. ಅದೇ 2005ರಲ್ಲಿ ಕಡೂರಿನ ಹುಡುಗಿಯೊಬ್ಬಳು ಕ್ರಿಕೆಟ್ ಕಲಿಯಲೆಂದು ಬೆಂಗಳೂರಿಗೆ ಹೊರಟಳು. ವಿಶ್ವಕಪ್ ಫೈನಲ್ ಆಡಿ ಬಂದವರ ಕೈಗೇ ಎಂಟು ಸಾವಿರ ಬರುತ್ತಿದ್ದ ಕಾಲದಲ್ಲಿ, ಮಗಳನ್ನು ಆ ಆಟಕ್ಕೆಂದು ಊರು ಬಿಡಿಸುವುದಕ್ಕೆ ಯಾವ ಲೆಕ್ಕಾಚಾರವೂ ಹೊಂದುತ್ತಿರಲಿಲ್ಲ. ಆದರೂ ಮನೆಯವರು ಕಳಿಸಿದರು.

ಕಡೂರು ಎಂದರೆ ತೆಂಗು, ಅಡಿಕೆ, ಬಯಲುಸೀಮೆಯ ಬಿಸಿಲು. ಕಾಫಿಯ ನಾಡೆಂದು ಹೆಸರಾದ ಚಿಕ್ಕಮಗಳೂರು ಜಿಲ್ಲೆಯ ಒಣ ಮಗ್ಗುಲು ಇದು. ಮೈಸೂರು ಸಂಸ್ಥಾನದ ಕಾಲದಲ್ಲಿ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಕಚೇರಿ ಮಾತ್ರ ಚಿಕ್ಕಮಗಳೂರಿನಲ್ಲಿತ್ತು. ಹೆಸರೂ ಆಮೇಲೆ ಬೆಟ್ಟ ಹತ್ತಿತು. ಊರಿಗೆ ಉಳಿದಿದ್ದು ರೈಲು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಳಿ ಕಡೂರನ್ನು ದಾಟಿ, ಕೂಗಳತೆಯಲ್ಲಿರುವ ಬೀರೂರಿನಲ್ಲಿ ಎರಡಾಗುತ್ತದೆ: ಒಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರಿನ ಕಡೆಗೆ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ಊರುಗಳಲ್ಲಿ ಓದಿಗೆ, ಕೆಲಸಕ್ಕೆ, ಆಸ್ಪತ್ರೆಗೆ ಬೆಂಗಳೂರಿಗೆ ಹೋಗುವವರು ತಲೆಮಾರುಗಳಿಂದ ಈ ಹಳಿಯನ್ನೇ ನಂಬಿದ್ದಾರೆ. ಭದ್ರೆಯ ನೀರು ಕಂಡ ತರೀಕೆರೆಗೂ, ಈರುಳ್ಳಿ ಹೊಲಗಳ ನಡುವೆ ಅಮೃತಮಹಲ್ ದನಗಳ ತಳಿ ಕೇಂದ್ರವನ್ನು ಇಟ್ಟುಕೊಂಡಿರುವ ಅಜ್ಜಂಪುರಕ್ಕೂ ಕಡೂರಿಗೂ ಬೆಳೆಯಲ್ಲಿ, ಮಳೆಯಲ್ಲಿ ವ್ಯತ್ಯಾಸ ಉಂಟು. ಕ್ರಿಕೆಟ್ಟಿನಲ್ಲಿ ಇಲ್ಲ. ಎಲ್ಲ ಕಡೆಯೂ ಟೆನ್ನಿಸ್ ಬಾಲು, ಶಾಲೆಯ ಮೈದಾನ, ಇಲ್ಲದಿದ್ದರೆ ರಸ್ತೆ. ಆಡುವವರು ಹುಡುಗರು.

ಆ ಹುಡುಗರ ನಡುವೆ ಒಬ್ಬ ಹುಡುಗಿಯಾಗಿ ಬ್ಯಾಟು ಹಿಡಿದವರು ವೇದಾ ಕೃಷ್ಣಮೂರ್ತಿ. ಹುಟ್ಟಿದ್ದು 1992ರ ಅಕ್ಟೋಬರ್‌ನಲ್ಲಿ. ಮನೆಯಲ್ಲಿ ಮೊದಲು ಹಾಕಿದ್ದು ಕರಾಟೆ ತರಗತಿಗೆ. ಮಗಳಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ, ಆದರೂ ಬಿಡಲಿಲ್ಲ. ಹನ್ನೆರಡರ ಹೊತ್ತಿಗೆ ಬ್ಲ್ಯಾಕ್ ಬೆಲ್ಟ್ ಬಂತು. ಮುಂದೆ ಅವರು ಅಂಗಳದಲ್ಲಿ ಚೆಂಡಿನ ಹಿಂದೆ ಹಾರುವುದನ್ನು ಕಂಡವರಿಗೆ ಆ ಕಾಲಿನ ಚುರುಕು ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಂಗಳೂರಿನಲ್ಲಿ ಸೇರಿದ್ದು ಇರ್ಫಾನ್ ಸೇಠ್ ನಡೆಸುತ್ತಿದ್ದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್‌ಗೆ. ಹುಡುಗಿಯ ಕೈಯನ್ನು ಗುರುತಿಸಿ, ಈಕೆ ಬೆಂಗಳೂರಿನಲ್ಲೇ ಉಳಿದು ಕಲಿಯಲಿ ಎಂದು ಹೆತ್ತವರನ್ನು ಒಪ್ಪಿಸಿದವರು ಅವರೇ.

ಬೆಂಗಳೂರು ಈ ವಿಷಯದಲ್ಲಿ ಹೊಸ ಊರೇನೂ ಆಗಿರಲಿಲ್ಲ. ಭಾರತದ ಮಹಿಳಾ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಮಹಿಳಾ ತಂಡದ ಮೊದಲ ಟೆಸ್ಟ್ ನಡೆದದ್ದು 1976ರ ಅಕ್ಟೋಬರ್ ಕೊನೆಯಲ್ಲಿ, ಬೆಂಗಳೂರಿನಲ್ಲೇ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಾಟ್ನಾದಲ್ಲಿ ತಂಡ ಮೊದಲ ಗೆಲುವು ಕಂಡಿತು. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಶಾಂತಾ ಬಾರಿಸಿದ 108 ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕವಾಯಿತು. ಇಷ್ಟೆಲ್ಲ ಮಾಡಿದ ಆಟಗಾರ್ತಿಯರು ಊರಿಂದೂರಿಗೆ ಹೋಗುತ್ತಿದ್ದದ್ದು ಸೀಟು ಕಾಯ್ದಿರಿಸದ ರೈಲು ಡಬ್ಬಿಗಳಲ್ಲಿ. ಮಲಗುತ್ತಿದ್ದದ್ದು ಹಾಸಿಗೆ ಸುತ್ತಿಕೊಂಡು ಹೋಗಿ ಡಾರ್ಮಿಟರಿಯ ನೆಲದ ಮೇಲೆ. ಶಾಂತಾ ಅವರ ಹೊಟ್ಟೆಪಾಡು ಕೆನರಾ ಬ್ಯಾಂಕಿನ ನೌಕರಿಯಿಂದ ನಡೆಯಿತು. ಆಟ ಬೇರೆ, ಅನ್ನ ಬೇರೆ. ಆಡುವುದೇ ಕೆಲಸ ಎಂದುಕೊಳ್ಳುವ ದಾರಿ ಅವರ ಪೀಳಿಗೆಗೆ ತೆರೆಯಲೇ ಇಲ್ಲ. 2006ರಲ್ಲಿ ಮಹಿಳಾ ಸಂಸ್ಥೆ ಬಿಸಿಸಿಐ ಜೊತೆ ಒಂದಾಯಿತು. ಆದರೂ ಮನೆಯ ಯಜಮಾನ ಬದಲಾದನೇ ಹೊರತು ಅಡುಗೆಮನೆಯ ಡಬ್ಬಿ ತಕ್ಷಣಕ್ಕೆ ತುಂಬಲಿಲ್ಲ.

ಆಟಕ್ಕೆ ಸಂಬಳ ಕೊಡುವುದು ಎಷ್ಟು ಹಳೆಯ ಪದ್ಧತಿ ಎಂದು ನೋಡಬೇಕಾದರೆ ಅಮೆರಿಕದ ಬೇಸ್‌ಬಾಲ್ ಕಡೆ ಒಮ್ಮೆ ತಿರುಗಬೇಕು. 1869ರಲ್ಲಿ ಸಿನ್ಸಿನಾಟಿಯ ರೆಡ್ ಸ್ಟಾಕಿಂಗ್ಸ್ ತಂಡ ತನ್ನ ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಗೊತ್ತುಮಾಡಿ ಕಣಕ್ಕಿಳಿಯಿತು. ಅದನ್ನು ಕಟ್ಟಿದ ಹ್ಯಾರಿ ರೈಟ್ ಇಂಗ್ಲೆಂಡಿನಲ್ಲಿ ಹುಟ್ಟಿದವನು, ಮೊದಲು ಕ್ರಿಕೆಟ್ ಕ್ಲಬ್ಬಿನಲ್ಲಿ ಸಂಬಳದ ಆಟಗಾರನಾಗಿದ್ದವನು. ಅವನ ತಮ್ಮ ಜಾರ್ಜ್‌ಗೆ ಆ ವರ್ಷ 1,400 ಡಾಲರ್. ತಂಡದಲ್ಲಿ ಅದೇ ಹೆಚ್ಚಿನದು. ದುಡ್ಡಿಗೆ ಆಡುವವರು ಆಟ ಕೆಡಿಸುತ್ತಾರೆಂದು ಗೊಣಗಿದವರು ಅಲ್ಲೂ ಇದ್ದರು. ಆ ಬೇಸಿಗೆಯಲ್ಲಿ ರೆಡ್ ಸ್ಟಾಕಿಂಗ್ಸ್ ಒಂದು ಪಂದ್ಯವನ್ನೂ ಸೋಲಲಿಲ್ಲ. ಇಂಥದೊಂದು ಸಂಬಳದ ಪಟ್ಟಿ ಭಾರತದ ಮಹಿಳಾ ಕ್ರಿಕೆಟ್ಟಿಗೆ ಬರಲು ಅಲ್ಲಿಂದ 146 ವರ್ಷ ಹಿಡಿಯಿತು, ಮತ್ತು ಆ ಮೊದಲ ಪಟ್ಟಿಯಲ್ಲಿ ಕಡೂರಿನ ಹೆಸರೊಂದಿತ್ತು.

ಅಲ್ಲಿಗೆ ಬರುವ ಮುಂಚೆ 2011. ಆ ವರ್ಷದ ಜೂನ್ 30ರಂದು ಇಂಗ್ಲೆಂಡಿನ ಡರ್ಬಿಯಲ್ಲಿ, ಆತಿಥೇಯ ತಂಡದ ಎದುರು, ಹದಿನೆಂಟರ ವೇದಾ ಮೊದಲ ಏಕದಿನ ಪಂದ್ಯ ಆಡಿದರು. 51 ರನ್ ಹೊಡೆದರು. ಮೊದಲ ಪಂದ್ಯದಲ್ಲೇ ಅರ್ಧಶತಕ ಹೊಡೆದವರಿಗೆ ಮುಂದಿನ ದಾರಿ ಸಲೀಸು ಎಂದು ನಾವು ಅಂದುಕೊಳ್ಳುತ್ತೇವೆ. ವೇದಾಗೆ ಹಾಗಾಗಲಿಲ್ಲ. ತಂಡದ ಒಳಗೆ, ಹೊರಗೆ, ಮತ್ತೆ ಒಳಗೆ ಎಂಬಂತೆ ಕೆಲವು ವರ್ಷ ಕಳೆದವು. ಅವರು ಆಡುತ್ತಿದ್ದ ಜಾಗವೂ ಅಂಥದ್ದೇ: ಐದು, ಆರನೇ ಕ್ರಮಾಂಕ. ಮೇಲಿನವರು ಚೆನ್ನಾಗಿ ಆಡಿದರೆ ಇವರಿಗೆ ನಾಲ್ಕು ಓವರು ಸಿಗುತ್ತದೆ, ಬಂದ ಕೂಡಲೇ ಬೀಸಬೇಕು. ಮೇಲಿನವರು ಬಿದ್ದರೆ ಗೋಡೆ ಕಟ್ಟಬೇಕು. ಎರಡರಲ್ಲೂ ಔಟಾದರೆ ಬೈಗುಳ ತಪ್ಪದು. ಆರಂಭಿಕರಿಗೆ ಸಿಗುವ ನೆರಳು ಈ ಕ್ರಮಾಂಕಕ್ಕೆ ಇಲ್ಲ.

ಹೊಟ್ಟೆಪಾಡಿಗೆ ಆಗ ಇದ್ದ ಭದ್ರವಾದ ಆಸರೆ ರೈಲ್ವೆ ಇಲಾಖೆ. ಮಹಿಳಾ ಕ್ರಿಕೆಟ್ಟನ್ನು ಈ ದೇಶದಲ್ಲಿ ದಶಕಗಳ ಕಾಲ ಸಾಕಿದ್ದು ಕ್ರಿಕೆಟ್ ಮಂಡಳಿಗಿಂತ ಹೆಚ್ಚಾಗಿ ರೈಲ್ವೆಯೇ ಎಂದರೆ ಅತಿಶಯವಲ್ಲ. ಕ್ರೀಡಾ ಕೋಟಾದಲ್ಲಿ ನೌಕರಿ, ತಿಂಗಳ ಸಂಬಳ, ಅಭ್ಯಾಸಕ್ಕೆ ರಜೆ. ದೇಶಿ ಟೂರ್ನಿಗಳಲ್ಲಿ ರೈಲ್ವೆ ತಂಡ ವರ್ಷ ವರ್ಷ ಕಪ್ ಎತ್ತುತ್ತಿದ್ದದ್ದಕ್ಕೆ ಕಾರಣ ಬೇರೆ ಹುಡುಕಬೇಕಿಲ್ಲ. ಅನ್ನ ಎಲ್ಲಿತ್ತೋ ಆಟಗಾರ್ತಿಯರೂ ಅಲ್ಲಿದ್ದರು. ಮಿಥಾಲಿ, ಹರ್ಮನ್‌ಪ್ರೀತ್ ಕೌರ್, ಪೂನಂ ರಾವುತ್, ವಿಜಯಪುರದ ರಾಜೇಶ್ವರಿ ಗಾಯಕವಾಡ, ಕಡೂರಿನ ವೇದಾ: ಎಲ್ಲರೂ ರೈಲ್ವೆಯವರೇ. 2017ರ ವಿಶ್ವಕಪ್ಪಿಗೆ ಹೋದ ಹದಿನೈದು ಜನರಲ್ಲಿ ಹತ್ತು ಮಂದಿ ರೈಲ್ವೆ ನೌಕರರು.

2015ರಲ್ಲಿ ಬಿಸಿಸಿಐ ಮೊದಲ ಸಲ ಮಹಿಳಾ ಆಟಗಾರ್ತಿಯರಿಗೆ ವಾರ್ಷಿಕ ಗುತ್ತಿಗೆ ಪ್ರಕಟಿಸಿತು. ಹನ್ನೊಂದು ಹೆಸರು. ಎ ದರ್ಜೆಗೆ 15 ಲಕ್ಷ, ಬಿ ದರ್ಜೆಗೆ 10 ಲಕ್ಷ. ವೇದಾ ಇದ್ದದ್ದು ಬಿ ದರ್ಜೆಯಲ್ಲಿ, ಸ್ಮೃತಿ ಮಂದಾನ ಮತ್ತು ರಾಜೇಶ್ವರಿಯವರ ಜೊತೆ. ಅದೇ ವರ್ಷ ಪುರುಷರ ಪಟ್ಟಿಯಲ್ಲಿ ಎ ದರ್ಜೆಗೆ ಒಂದು ಕೋಟಿ, ಕಟ್ಟಕಡೆಯ ಸಿ ದರ್ಜೆಗೆ 25 ಲಕ್ಷ. ಎಂದರೆ ಎ ದರ್ಜೆಯಲ್ಲಿದ್ದ ಮಿಥಾಲಿಗೆ ಸಿಕ್ಕಿದ್ದು ಪುರುಷರ ಪಟ್ಟಿಯ ಕೊನೆಯವನಿಗಿಂತ ಹತ್ತು ಲಕ್ಷ ಕಡಿಮೆ. ಇದನ್ನು ನೋಡಿ ಸಿಟ್ಟಾಗುವುದು ಸುಲಭ, ನ್ಯಾಯವೂ ಹೌದು. ಆದರೆ ಪಂದ್ಯಕ್ಕೆ ಸಾವಿರ ಎಣಿಸಿಕೊಂಡವರ ಲೆಕ್ಕದಲ್ಲಿ ಇದು ಬೇರೆಯೇ ಸಂಗತಿ: ಗಾಯವಾಗಿ ಮನೆಯಲ್ಲಿ ಕೂತರೂ ಈ ಹಣ ಬರುತ್ತದೆ, ಯಾಕೆಂದರೆ ನೀವು ಆಟಗಾರ್ತಿ.

ಗುತ್ತಿಗೆಯ ಬೆನ್ನಿಗೇ ಆಟವೂ ಏರಿತು. 2016ರ ಜನವರಿಯಲ್ಲಿ ಭಾರತ ಆಸ್ಟ್ರೇಲಿಯಾದ ನೆಲದಲ್ಲಿ ಟಿ20 ಸರಣಿಯನ್ನು 2-1ರಿಂದ ಗೆದ್ದಿತು. ಮಾರ್ಚ್‌ನಲ್ಲಿ ಟಿ20 ವಿಶ್ವಕಪ್ಪಿನ ಪಂದ್ಯ ಚಿನ್ನಸ್ವಾಮಿ ಕ್ರೀಡಾಂಗಣಕ್ಕೇ ಬಂತು. ಬಾಂಗ್ಲಾದೇಶದ ಎದುರು ಬೆಂಗಳೂರಿನ ವನಿತಾ 38, ವೇದಾ ಔಟಾಗದೆ 36. ಭಾರತಕ್ಕೆ 72 ರನ್‌ಗಳ ಗೆಲುವು.

ವೇದಾ ಅವರ ಆಟವನ್ನು ಒಂದೇ ದಿನದಲ್ಲಿ ನೋಡಬೇಕಾದರೆ 2017ರ ಜುಲೈ 15ಕ್ಕೆ ಹೋಗಬೇಕು. ಮತ್ತೆ ಅದೇ ಡರ್ಬಿ. ವಿಶ್ವಕಪ್ಪಿನ ಮೊದಲ ನಾಲ್ಕು ಪಂದ್ಯ ಗೆದ್ದಿದ್ದ ಭಾರತ, ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾ ಎದುರು ಬೆನ್ನುಬೆನ್ನಿಗೆ ಸೋತು ಅಂಚಿಗೆ ಬಂದು ನಿಂತಿತ್ತು. ನ್ಯೂಜಿಲೆಂಡನ್ನು ಗೆದ್ದರೆ ಸೆಮಿಫೈನಲ್, ಸೋತರೆ ವಿಮಾನ. ಮೋಡ ಮುಸುಕಿದ ಬೆಳಿಗ್ಗೆ ಇಬ್ಬರೂ ಆರಂಭಿಕರು ಬೇಗ ಹೋದರು. ಮಿಥಾಲಿ ಮತ್ತು ಹರ್ಮನ್‌ಪ್ರೀತ್ ಕುಸಿತವನ್ನು ತಡೆದು ನಿಲ್ಲಿಸಿದರು. ಆಮೇಲೆ ಹರ್ಮನ್ 60ಕ್ಕೆ ಔಟ್, ದೀಪ್ತಿ ಶರ್ಮಾ ಸೊನ್ನೆಗೆ ಔಟ್; 154ಕ್ಕೆ 4. ಇನ್ನೂರ ಇಪ್ಪತ್ತು ಬಂದರೆ ಸಾಕು ಎನ್ನಿಸುವ ಹೊತ್ತಿನಲ್ಲಿ ವೇದಾ ಕ್ರೀಸಿಗೆ ಬಂದರು. ಟೂರ್ನಿಯಲ್ಲಿ ಅಲ್ಲಿಯವರೆಗೆ ದೊಡ್ಡ ಮೊತ್ತ ಬಂದಿರಲಿಲ್ಲ. ತಂಡದಲ್ಲಿ ಅವರ ಜಾಗದ ಬಗ್ಗೆ ಪ್ರಶ್ನೆಗಳಿದ್ದವು.

ಒಂದು ತುದಿಯಲ್ಲಿ ಮಿಥಾಲಿ: ನೂಲು ಹಿಡಿದಂತೆ ನಾಜೂಕು, ಫೀಲ್ಡರುಗಳ ನಡುವಿನ ಸಂದಿಗೇ ಚೆಂಡು. ಇನ್ನೊಂದು ತುದಿಯಲ್ಲಿ ವೇದಾ. ಕ್ರೀಸಿನಿಂದ ಮುಂದೆ ಬಂದು ಮೇಲಕ್ಕೆತ್ತುವುದು, ಹಿಂದೆ ಸರಿದು ಜಾಗ ಮಾಡಿಕೊಂಡು ಹೊಡೆಯುವುದು, ಒಂಟಿ ರನ್ನನ್ನು ಎರಡು ಮಾಡುವ ಓಟ. ಪುಸ್ತಕದ ಹೊಡೆತ, ಓಣಿಯ ಹೊಡೆತ ಎರಡೂ ಇದ್ದವು. ಏಳು ಬೌಂಡರಿ, ಎರಡು ಸಿಕ್ಸರ್. 45 ಚೆಂಡಿಗೆ 70 ರನ್. ಮಿಥಾಲಿ 109. ಇಬ್ಬರ ಜೊತೆಯಾಟ 108. ಭಾರತ 7 ವಿಕೆಟ್‌ಗೆ 265ಕ್ಕೆ ಏರಿ ನಿಂತಿತು. ಮುಂದಿನದನ್ನು ವಿಜಯಪುರದ ಎಡಗೈ ಸ್ಪಿನ್ನರ್ ನೋಡಿಕೊಂಡರು: ರಾಜೇಶ್ವರಿ 15 ರನ್ ಕೊಟ್ಟು ಐದು ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಆ ದಿನದ ದಾಖಲೆಗಳಲ್ಲಿ ನಾಯಕಿಯ ಶತಕ ಮತ್ತು ಐದು ವಿಕೆಟ್ ಎದ್ದು ಕಾಣುತ್ತವೆ. ಆದರೆ ಪಂದ್ಯವನ್ನು ನ್ಯೂಜಿಲೆಂಡಿನ ಕೈಗೆ ಸಿಗದಷ್ಟು ದೂರ ಒಯ್ದದ್ದು ಆ 45 ಚೆಂಡುಗಳು.

ಐದು ದಿನದ ನಂತರ ಸೆಮಿಫೈನಲ್‌ನಲ್ಲಿ ಹರ್ಮನ್‌ಪ್ರೀತ್ 115 ಚೆಂಡಿಗೆ ಔಟಾಗದೆ 171 ಹೊಡೆದು ಆಸ್ಟ್ರೇಲಿಯಾವನ್ನು ಕೆಡವಿದರು. ಅದರ ಬಗ್ಗೆ ಬೇಕಾದಷ್ಟು ಬರೆದಾಗಿದೆ.

ಜುಲೈ 23, ಲಾರ್ಡ್ಸ್, ಫೈನಲ್. ಇಂಗ್ಲೆಂಡ್ 228 ಹೊಡೆದಿತ್ತು. ಪೂನಂ ರಾವುತ್ 86ರವರೆಗೆ ಬೆಳೆದಿದ್ದರು, ಜೊತೆಗೆ ವೇದಾ. ಭಾರತ 3 ವಿಕೆಟ್‌ಗೆ 191. ಬೇಕಿದ್ದದ್ದು 38 ರನ್, ಕೈಯಲ್ಲಿ ಏಳು ವಿಕೆಟ್. ಅನ್ಯಾ ಶ್ರಬ್‌ಸೋಲ್ ಮತ್ತೆ ಚೆಂಡು ಹಿಡಿದರು. ಪೂನಂ ಎಲ್‌ಬಿ. ಸುಷ್ಮಾ ವರ್ಮಾ ಬೌಲ್ಡ್. ಮೊತ್ತ 200 ತಲುಪಿದಾಗ, 35 ರನ್ ಗಳಿಸಿದ್ದ ವೇದಾ ಎತ್ತಿ ಬಾರಿಸಲು ಹೋಗಿ ಕ್ಯಾಚ್ ಕೊಟ್ಟರು. ಕೊನೆಯ ಏಳು ವಿಕೆಟ್ 28 ರನ್‌ಗೆ ಉರುಳಿ, 219ಕ್ಕೆ ಎಲ್ಲ ಮುಗಿಯಿತು. ಒಂಬತ್ತು ರನ್‌ಗಳ ಸೋಲು. ಆ ಹೊಡೆತ ಬೇಕಿತ್ತೆ ಎಂದು ಅಂದು ಕಡೂರಿನ ಟೀವಿಗಳ ಮುಂದೆಯೂ ಕೇಳಿದವರಿದ್ದಿರಬೇಕು. ಇಷ್ಟು ಮಾತ್ರ ಹೇಳಬಹುದು: ಡರ್ಬಿಯಲ್ಲಿ ಪಂದ್ಯ ಗೆಲ್ಲಿಸಿದ ಧೈರ್ಯವೂ ಲಾರ್ಡ್ಸ್‌ನಲ್ಲಿ ಕೈಕೊಟ್ಟ ಧೈರ್ಯವೂ ಒಂದೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬೇಡವೆನ್ನಲಾಗದು.

ಸೋತ ತಂಡಕ್ಕೆ ಸಿಕ್ಕ ಸ್ವಾಗತ ಗೆದ್ದವರಿಗೂ ಅಪರೂಪ. ಬಿಸಿಸಿಐ ತಲಾ 50 ಲಕ್ಷ ಘೋಷಿಸಿತ್ತು. ರೈಲ್ವೆ ತನ್ನ ಹತ್ತು ಮಂದಿಗೆ ಒಟ್ಟು 1.30 ಕೋಟಿ ಬಹುಮಾನದ ಜೊತೆಗೆ ಬಡ್ತಿಯನ್ನೂ ಕೊಡುವುದಾಗಿ ಹೇಳಿತು. ಕರ್ನಾಟಕ ಸರ್ಕಾರ ವೇದಾ ಮತ್ತು ರಾಜೇಶ್ವರಿಗೆ ತಲಾ 25 ಲಕ್ಷ ಪ್ರಕಟಿಸಿತು. 2018ರ ಗುತ್ತಿಗೆಯಲ್ಲಿ ಎ ದರ್ಜೆ 50 ಲಕ್ಷಕ್ಕೆ, ಬಿ ದರ್ಜೆ 30 ಲಕ್ಷಕ್ಕೆ ಏರಿತು. ವೇದಾ ಬಿ ದರ್ಜೆಯಲ್ಲೇ ಮುಂದುವರಿದರು. ಇದಕ್ಕೂ ಮೊದಲು ಇನ್ನೊಂದು ಬಾಗಿಲು ತೆರೆದಿತ್ತು. ವಿದೇಶಿ ಲೀಗ್‌ಗಳಲ್ಲಿ ಆಡಲು ಬಿಸಿಸಿಐ 2016ರಲ್ಲಿ ಮಹಿಳೆಯರಿಗೆ ಅನುಮತಿ ಕೊಟ್ಟಿತು. ಪುರುಷರಿಗೆ ಇಂದಿಗೂ ಇಲ್ಲದ ಅನುಮತಿ ಇದು. ಹರ್ಮನ್‌ಪ್ರೀತ್ ಸಿಡ್ನಿ ಥಂಡರ್‌ಗೆ, ಸ್ಮೃತಿ ಬ್ರಿಸ್ಬೇನ್ ಹೀಟ್‌ಗೆ ಹೋದರು. ಆಸ್ಟ್ರೇಲಿಯಾದ ಬಿಗ್ ಬ್ಯಾಷ್ ಸೇರಿದ ಮೂರನೇ ಭಾರತೀಯರು ವೇದಾ: 2017-18ರ ಸಾಲಿಗೆ ಹೋಬಾರ್ಟ್ ಹರಿಕೇನ್ಸ್. ಕಡೂರಿನ ಓಣಿಯಿಂದ ಟಾಸ್ಮೇನಿಯಾ ದ್ವೀಪಕ್ಕೆ ಸಂಬಳದ ಆಟಗಾರ್ತಿಯಾಗಿ ಹೋಗುವುದನ್ನು 2005ರಲ್ಲಿ ಯಾರಾದರೂ ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು.

2020ರ ಮಾರ್ಚ್ 8, ಮಹಿಳಾ ದಿನ, ಮೆಲ್ಬರ್ನ್ ಮೈದಾನದಲ್ಲಿ ಟಿ20 ವಿಶ್ವಕಪ್ ಫೈನಲ್. ಸೇರಿದ್ದವರು 86,174 ಜನ. ಆಸ್ಟ್ರೇಲಿಯಾ 184 ಹೊಡೆಯಿತು; ಭಾರತದ ಮೇಲಿನ ಸಾಲು ಆರಂಭದ ಓವರುಗಳಲ್ಲೇ ಕುಸಿಯಿತು. ಗೋಡೆ ಕಟ್ಟುವ ಪಾಳಿ ವೇದಾ ಮತ್ತು ದೀಪ್ತಿಯವರದು. ವೇದಾ 24 ಚೆಂಡಿಗೆ 19. ಭಾರತ 99ಕ್ಕೆ ಆಲೌಟ್. ವೇದಾ ಭಾರತಕ್ಕೆ ಆಡಿದ ಕೊನೆಯ ಪಂದ್ಯ ಅದು ಎಂದು ಅಂದು ಯಾರಿಗೂ ತಿಳಿದಿರಲಿಲ್ಲ. ಕೆಲವೇ ದಿನಗಳಲ್ಲಿ ಕೊರೊನಾ ಬಂದು ಆಟಗಳೆಲ್ಲ ನಿಂತವು.

ಆಮೇಲಿನದು ಬರೆಯಲು ಕಷ್ಟದ ವರ್ಷ. 2021ರ ಏಪ್ರಿಲ್-ಮೇ ತಿಂಗಳ ಎರಡನೇ ಅಲೆಯಲ್ಲಿ ಕಡೂರಿನ ಅವರ ಮನೆಮಂದಿ ಹಲವರಿಗೆ ಸೋಂಕು ತಗುಲಿತು. ಎರಡು ವಾರದೊಳಗೆ ವೇದಾ ಮೊದಲು ತಾಯಿಯನ್ನು, ನಂತರ ಅಕ್ಕನನ್ನು ಕಳೆದುಕೊಂಡರು. ಆ ಮೇ ತಿಂಗಳಲ್ಲೇ ಹೊಸ ಗುತ್ತಿಗೆಯ ಪಟ್ಟಿ ಬಂತು. ಅದರಲ್ಲಿ ವೇದಾ ಹೆಸರಿರಲಿಲ್ಲ. ದುಃಖದಲ್ಲಿರುವ ಆಟಗಾರ್ತಿಯನ್ನು ಮಂಡಳಿ ವಿಚಾರಿಸಿತೇ ಎಂದು ಆಸ್ಟ್ರೇಲಿಯಾದ ಮಾಜಿ ನಾಯಕಿ, ಪುಣೆಯಲ್ಲಿ ಹುಟ್ಟಿದ ಲೀಸಾ ಸ್ಥಳೇಕರ್ ಬಹಿರಂಗವಾಗಿ ಕೇಳಿದರು. ಕೆಲವು ದಿನಗಳಲ್ಲಿ ಮಂಡಳಿಯ ಕಾರ್ಯದರ್ಶಿ ಕರೆ ಮಾಡಿ ಮಾತಾಡಿದ್ದಕ್ಕೆ ವೇದಾ ಕೃತಜ್ಞತೆ ಹೇಳಿದರು. ಸ್ಥಳೇಕರ್ ಎತ್ತಿದ ಪ್ರಶ್ನೆ ಒಬ್ಬರದ್ದಷ್ಟೇ ಆಗಿರಲಿಲ್ಲ: ಸಂಬಳ ಕೊಡುವವರು ಆಟದ ಹೊರಗೂ ಆಟಗಾರ್ತಿಗೆ ಏನಾದರೂ ಆಗಬೇಕಲ್ಲವೆ? ಆಟಗಾರರ ಸಂಘ ಗಟ್ಟಿಯಾಗಿರುವ ಆಸ್ಟ್ರೇಲಿಯಾದಲ್ಲಿ ಬೆಳೆದವರಿಗೆ ಅದು ಸಹಜವಾದ ಮಾತು. ನಮ್ಮಲ್ಲಿ ಸಂಬಳ ಬಂದೇ ಆರು ವರ್ಷವಾಗಿತ್ತು.

ವೇದಾ ಮತ್ತೆ ಕರ್ನಾಟಕದ ಪರ ಆಡಲು ಇಳಿದರು. 2023ರ ಜನವರಿಯಲ್ಲಿ ಕರ್ನಾಟಕದ ಆಟಗಾರ ಅರ್ಜುನ್ ಹೊಯ್ಸಳ ಅವರೊಡನೆ ಮದುವೆಯಾಯಿತು. ಅಷ್ಟರಲ್ಲಿ ಆಟದ ಹಣದ ಲೆಕ್ಕವೇ ತಲೆಕೆಳಗಾಗಿತ್ತು. 2022ರ ಅಕ್ಟೋಬರ್‌ನಲ್ಲಿ ಮಹಿಳೆಯರಿಗೂ ಪುರುಷರಷ್ಟೇ ಪಂದ್ಯ ಸಂಭಾವನೆ ಎಂದು ಬಿಸಿಸಿಐ ಪ್ರಕಟಿಸಿತು: ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. 76 ಟಿ20 ಆಡಿದ್ದ ವೇದಾ ಈ ದರದಲ್ಲಿ ಒಂದನ್ನೂ ಆಡಲಿಲ್ಲ. ಮರುವರ್ಷ ಮಹಿಳಾ ಪ್ರೀಮಿಯರ್ ಲೀಗಿನ ಐದು ತಂಡಗಳು 4,669.99 ಕೋಟಿಗೆ ಮಾರಾಟವಾದವು. ಮೊದಲ ಹರಾಜಿನಲ್ಲಿ ಸ್ಮೃತಿಯನ್ನು ಆರ್‌ಸಿಬಿ 3.40 ಕೋಟಿಗೆ ಕೊಂಡಿತು. 2015ರಲ್ಲಿ ಸ್ಮೃತಿಯ ಜೊತೆ ಅದೇ ಹತ್ತು ಲಕ್ಷದ ಸಾಲಿನಲ್ಲಿದ್ದ ವೇದಾ ಅವರನ್ನು ಕೊಳ್ಳುವವರು ಬರಲಿಲ್ಲ. 2023ರ ಡಿಸೆಂಬರ್‌ನ ಹರಾಜಿನಲ್ಲಿ ಗುಜರಾತ್ ಜೈಂಟ್ಸ್ ಮೂಲಬೆಲೆ 30 ಲಕ್ಷಕ್ಕೆ ಅವರನ್ನು ಪಡೆಯಿತು. ಅದೇ ದಿನ, ಅದೇ ಹರಾಜಿನಲ್ಲಿ, ಭಾರತಕ್ಕೆ ಇನ್ನೂ ಒಂದು ಪಂದ್ಯವನ್ನೂ ಆಡದ ಬೆಂಗಳೂರಿನ ವೃಂದಾ ದಿನೇಶ್ ಯುಪಿ ವಾರಿಯರ್ಸ್‌ಗೆ 1.30 ಕೋಟಿಗೆ ಹೋದರು. ಇನ್ನೊಬ್ಬ ಕನ್ನಡತಿ ಶ್ರೇಯಾಂಕ ಪಾಟೀಲ್ ಆರ್‌ಸಿಬಿ ಸೇರಿದ್ದು ಭಾರತದ ಅಂಗಿ ತೊಡುವ ಮುಂಚೆಯೇ. ಶಾಂತಾ ಅವರ ಕಾಲದಲ್ಲಿ ದೇಶಕ್ಕೆ ಆಡಿದರೂ ಸಂಬಳವಿರಲಿಲ್ಲ. ವೇದಾ ಕಾಲದಲ್ಲಿ ದೇಶಕ್ಕೆ ಆಡಿದರೆ ಸಂಬಳ ಬಂತು. ಈಗಿನವರಿಗೆ ಸಂಬಳ ಮೊದಲು ಬರುತ್ತದೆ, ದೇಶ ಆಮೇಲೆ.

2025ರ ಜುಲೈ 25ರಂದು ವೇದಾ ನಿವೃತ್ತಿ ಪ್ರಕಟಿಸಿದರು. ಆ ಟಿಪ್ಪಣಿಯಲ್ಲಿ ಕಡೂರನ್ನೂ ನೆನೆದರು. 48 ಏಕದಿನಗಳಲ್ಲಿ 829 ರನ್, ಎಂಟು ಅರ್ಧಶತಕ. 76 ಟಿ20ಗಳಲ್ಲಿ 875 ರನ್. ಅಂಕಿಗಳನ್ನೇ ಹಿಡಿದು ಕೂತರೆ ಇದು ಮಹಾನ್ ದಾಖಲೆಯಲ್ಲ. ಆದರೆ ಐದನೇ, ಆರನೇ ಕ್ರಮಾಂಕದ ಆಟವನ್ನು ಸರಾಸರಿಯಿಂದ ಅಳೆಯುವುದೇ ಸರಿಯಲ್ಲ. ಅಲ್ಲಿ 11 ಚೆಂಡಿಗೆ ಇಪ್ಪತ್ತು ಹೊಡೆದ ದಿನವೂ ಪಂದ್ಯ ಗೆಲ್ಲಿಸಿದ ದಿನವೇ. ನಿವೃತ್ತಿಗೆ ಮುಂಚೆಯೇ ಅವರು ಟೀವಿಯಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆ ಶುರು ಮಾಡಿದ್ದರು, ಕನ್ನಡದಲ್ಲಿಯೂ.